ಹೊಟ್ಟೆಪಟ್ಟಿ

ಆರು ವರ್ಷ ನಾನು ಇದನ್ನು ಮಾರಿದ್ದೇನೆ,
ಫಳ್ನೀರಿನ ಸರ್ಜಿಕಲ್ ಅಂಗಡಿಯಲ್ಲಿ,
ವಾಕರು, ಕಮೋಡು ಕುರ್ಚಿ, ಬಿಪಿ ಮೆಷಿನುಗಳ ನಡುವೆ ನಿಂತು.
ಬರುವವರು ಹೆಚ್ಚಾಗಿ ಗಂಡಸರೇ. ಚೀಟಿ ಚಾಚಿ
ಬೀದಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ.
ಸೈಜು ಕೇಳಿದರೆ ಗಾಳಿಯಲ್ಲಿ ಕೈ ಅಗಲಿಸುತ್ತಾರೆ,
ತಂದ ಅಂಜಲು ಮೀನಿನ ಉದ್ದ ಹೇಳುವ ಹಾಗೆ.

ಹೊಕ್ಕುಳ ಸುತ್ತ ಟೇಪು ಹಿಡಿಯಿರಿ, ತುಂಬ ಬಿಗಿ ಬೇಡ,
ಉಂಡ ಕೂಡಲೇ ಬೇಡ, ಮಲಗುವಾಗ ತೆಗೆಯಿರಿ:
ಗಿಳಿಪಾಠ ನನ್ನದು.
ಪೆಟ್ಟಿಗೆಯ ಮೇಲೆ ಚಪ್ಪಟೆ ಹೊಟ್ಟೆಯ ಹುಡುಗಿಯೊಬ್ಬಳು
ಹಲ್ಲು ತೋರಿಸಿ ನಗುತ್ತಾಳೆ.
ಅವಳು ಹೆತ್ತವಳೇ ಅಲ್ಲ. ಆಗ ನನಗದು ಹೊಳೆದಿರಲಿಲ್ಲ.

ಈಗ ನಾನೇ ಲೇಡಿಗೋಷನ್ನಿನ ಮೆಟ್ಟಿಲಿಳಿದು ಬಂದಿದ್ದೇನೆ,
ಒಂದು ಹೆಣ್ಣುಮಗು, ಗೇಣುದ್ದದ ಹೊಲಿಗೆ.
ಸಾಹುಕಾರರು ಬಿಲ್ಲಿಲ್ಲದೆ ಕಳಿಸಿದ ಬೆಲ್ಟು. ಮೈಬಣ್ಣದ್ದಂತೆ,
ಯಾರ ಮೈಯ ಬಣ್ಣವೋ, ನನ್ನದಂತೂ ಅಲ್ಲ.
ಬೋಳಾರದ ಈ ಸೆಕೆಯಲ್ಲಿ
ಗಂಟೆಗೊಮ್ಮೆ ಹಿಂಡಿದರೆ ಲೋಟ ತುಂಬೀತು.
ಸೊಂಟದ ಸುತ್ತ ಬೆವರುಸಾಲೆ, ಸಾಸಿವೆ ಚೆಲ್ಲಿದಂತೆ.
ಬಿಚ್ಚಿದರೆ ವೆಲ್ಕ್ರೋ ಚರ್ರೆನ್ನುತ್ತದೆ,
ಆಗಷ್ಟೇ ಕಣ್ಣು ಮುಚ್ಚಿದ ಮಗು
ಎರಡೂ ಕೈ ಮೇಲಕ್ಕೆಸೆದು ಬೆಚ್ಚುತ್ತದೆ.

ಇದನ್ನು ಯಾವ ಗಿರಾಕಿಗೂ ಹೇಳಿರಲಿಲ್ಲ ನಾನು.

ಮೀಯಿಸಲು ಬರುವ ಗಿಲ್ಡಾಬಾಯಿಗೆ ಬೆಲ್ಟು ಕಂಡರಾಗದು.
"ಎಂತ ಇದು ಮಾರಾಯ್ತಿ, ಕುದುರೆಗೆ ಕಟ್ಟುವುದಾ?"
ಹೊಲಿಗೆ ಒಣಗಲಿ ಎಂದು ಹದಿನೈದು ದಿನ ಕಾದಳು.
ಹದಿನಾರನೆಯ ದಿನ
ನನ್ನಮ್ಮನ ನೂಲಿನ ಸೀರೆಯನ್ನು ಉದ್ದಕ್ಕೆ ಸೀಳಿ
ಒಂದು ತುದಿ ಹಲ್ಲಲ್ಲಿ ಕಚ್ಚಿ ನಿಂತಳು.
ಕಚ್ಚಿಕೊಂಡೇ ಹೇಳಿದಳು,
"ಉಸಿರು ಬಿಡು ಮಗಾ. ಪೂರ್ತಿ ಬಿಡು.
ಬಾಣಂತಿ ಹೊಟ್ಟೆ ಅಂದ್ರೆ ಬಾಡಿಗೆಯವರು ಬಿಟ್ಟ ಮನೆ,
ಬಾಗಿಲು ಹಾಕದಿದ್ದರೆ ಗಾಳಿ ಹೊಕ್ಕೀತು."

ಡಾಕ್ಟರಮ್ಮ ಹೇಳಿದ್ದು ಬೇರೆ:
ಕಟ್ಟಿದರೆ ಹೊಟ್ಟೆ ಕರಗುವುದೆಲ್ಲ ಸುಳ್ಳು,
ಎದ್ದು ನಡೆಯುವಾಗ ಒಂದು ಆಸರೆ, ಅಷ್ಟೇ.
ಇಬ್ಬರಿಗೂ ತಲೆಯಾಡಿಸಿದ್ದೇನೆ.
ಕೆಮ್ಮು ಬಂದಾಗ ಮಾತ್ರ ಇಬ್ಬರನ್ನೂ ಮರೆತು
ಅಂಗೈಯಲ್ಲಿ ಹೊಲಿಗೆ ಅದುಮಿ ಹಿಡಿಯುತ್ತೇನೆ.

ನಿನ್ನೆ ಹಾಗೆ ಹಿಡಿದು ಗೋಡೆಗೊರಗಿದಾಗ
ಅವಳು ನೆನಪಾದಳು.
ಹೋದ ಆಟಿಯಲ್ಲಿ, ಮಧ್ಯಾಹ್ನ, ಒಬ್ಬಳೇ ಬಂದಿದ್ದವಳು.
ತೊಕ್ಕೊಟ್ಟಿನ ಬಸ್ಸಿನ ಟಿಕೆಟು ಇನ್ನೂ ಬೆರಳ ಸಂದಿಯಲ್ಲಿತ್ತು.
ಮೀಡಿಯಂ ಕೊಡಿ, ಎಂದಳು.
ನಾನು ಏಣಿ ಹತ್ತಿ ಪೆಟ್ಟಿಗೆ ಇಳಿಸುತ್ತಾ
ರೂಢಿಯಂತೆ ಕೇಳಿದೆ: ಎಂತ ಮಗು?
ಕೌಂಟರಿನ ಗಾಜಿನಡಿಯ ಥರ್ಮಾಮೀಟರುಗಳನ್ನು
ಒಂದೊಂದಾಗಿ ನೋಡಿದಳು.
ಗಂಡಾಗಿತ್ತು, ಎಂದಳು.
ಆ ಇತ್ತು ನನಗೆ ಕೇಳಿಸಲೇ ಇಲ್ಲ.
ಒಳ್ಳೆಯದಾಯಿತು ಎಂದು ಬಿಲ್ಲು ಹರಿದೆ.
ಚಿಲ್ಲರೆ ಎಣಿಸಿಕೊಂಡು, ಹೋಗದೆ ನಿಂತು, ಕೇಳಿದಳು:
"ಇದನ್ನು ಎದೆಗೂ ಕಟ್ಟಬಹುದಾ?
ಹಾಲು ನಿಲ್ಲಲಿಕ್ಕೆ."

ಮೇಲೆ ಫ್ಯಾನು ತಿರುಗುತ್ತಿತ್ತು.
ನಾನು ಎಂತ ಹೇಳಿದೆನೋ.
ಸಾಹುಕಾರರು ಒಳಗಿಂದ ಗ್ಲೌಸಿನ ರೇಟು ಕೇಳಿದ್ದು ಮಾತ್ರ ನೆನಪು,
ಅದಕ್ಕೆ ಸರಿಯಾಗಿ ಉತ್ತರಿಸಿದ್ದೂ.

ಅವಳದ್ದನ್ನು ಯಾರು ಕಟ್ಟಿರಬಹುದು,
ಒಂದು ತುದಿ ಹಲ್ಲಲ್ಲಿ ಕಚ್ಚಿ?

ಮಾರ್ಚಿಗೆ ಮತ್ತೆ ಅಂಗಡಿ.
ಟೇಪು ಅದೇ ಮೊಳೆಯಲ್ಲಿ ನೇತಾಡುತ್ತಿರಬೇಕು.
ಇನ್ನು ಸೈಜಷ್ಟೇ ಕೇಳುವುದು ಎಂದುಕೊಂಡಿದ್ದೇನೆ.
ಒಳಗೊಂದು ಹಳೆಯ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ನಮ್ಮೂರ ಸೆಕೆಗೆ,
ಎನ್ನುತ್ತೇನೆ. ಕೆಮ್ಮುವಾಗ ಕೈ ಅಡ್ಡ ಇಡಿ.
ಮತ್ತೆ, ಬಿಚ್ಚುವಾಗ ಆಚೆ ಕೋಣೆಗೆ ಹೋಗಿ,
ಸದ್ದಿಗೆ ಮಗು ಏಳುತ್ತದೆ

ಇದೊಂದನ್ನು ಮಾತ್ರ
ಕೇಳದೆ ಹೇಳುವ ಹಾಗಿಲ್ಲ.